ಪಾಚಿ ನೀರಿನೊಳಗಿನ ಗಡಿಯಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಚಿತ್ರದುರ್ಗದ ಕೋಟೆ ಹತ್ತಿದವರು ಗೋಪಾಲಸ್ವಾಮಿ ಹೊಂಡದ ಹತ್ತಿರ ಫೋಟೋ ತೆಗೆಸಿಕೊಳ್ಳುತ್ತಾರೆ. ನೀರು ಹಸಿರಾಗಿದ್ದರೆ ಮೂಗು ಮುರಿದು ಮುಂದೆ ಹೋಗುತ್ತಾರೆ. ಇಂಥ ನಿಂತ ನೀರಿನ ಹಸಿರಿನಲ್ಲಿ ಸಯನೋಬ್ಯಾಕ್ಟೀರಿಯಾ ಇರುವುದು ಸಾಮಾನ್ಯ, ನಾವು ನೀಲಿ-ಹಸಿರು ಪಾಚಿ ಅನ್ನುತ್ತೇವಲ್ಲ, ಅದೇ. ಇವಕ್ಕೆ ಹಗಲು-ರಾತ್ರಿಯ ಒಳಗಡಿಯಾರ ಇದೆ ಅಂತ ಯಾರಿಗೆ ಹೇಳಿದರೂ ತಿರುಗಿ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ. ಪೂರ್ತಿ ಓದಲು ಪುರುಸೊತ್ತಿಲ್ಲದವರು ಕಣ್ಣಿನ ಪ್ರಶ್ನೆಗೆ ನೇರ ಹೋಗಿ, ತಿರುಳು ಅಲ್ಲಿದೆ.

ಇದು ಪಾಚಿನಾ, ಬ್ಯಾಕ್ಟೀರಿಯಾನಾ?

ಬ್ಯಾಕ್ಟೀರಿಯಾ. ಪಾಚಿ ಅನ್ನುವುದು ರೂಢಿಯ ಹೆಸರು ಅಷ್ಟೇ. ಬಿಸಿಲು, ನೀರು, ಇಂಗಾಲದ ಡೈಆಕ್ಸೈಡ್ ಇಟ್ಟುಕೊಂಡು ತಮ್ಮ ಊಟ ತಾವೇ ಮಾಡಿಕೊಂಡು ಆಮ್ಲಜನಕ ಬಿಡುತ್ತವೆ. ಗಿಡದ ಎಲೆಯಲ್ಲಿರುವ ಕ್ಲೋರೋಪ್ಲಾಸ್ಟ್ ಬಂದದ್ದೂ ಇವುಗಳ ಪೂರ್ವಜರಿಂದಲೇ. ಭದ್ರಾ ನಾಲೆ ನೀರು ಹಾಯುವ ದಾವಣಗೆರೆ ಕಡೆಯ ಭತ್ತದ ಗದ್ದೆಗಳಲ್ಲೂ ಇವು ಇರುತ್ತವೆ. ಗಾಳಿಯ ಸಾರಜನಕ ಹಿಡಿದುಕೊಡುತ್ತವೆ ಅಂತ ಜೈವಿಕ ಗೊಬ್ಬರವಾಗಿ ಗದ್ದೆಗೆ ಹಾಕುವುದೂ ಉಂಟು.

ಲ್ಯಾಬಿನಲ್ಲಿ ಗಡಿಯಾರದ ಅಧ್ಯಯನಕ್ಕೆ ಜಾಸ್ತಿ ಬಳಸುವುದು ಸೈನೆಕೋಕಾಕಸ್ ಎಲಾಂಗೇಟಸ್ ಎಂಬ ಸಿಹಿನೀರಿನ ಜಾತಿ. ಕಡ್ಡಿ ಆಕಾರ, ಉದ್ದ ಕೆಲವೇ ಮೈಕ್ರೋಮೀಟರ್. ಕೆಳಗೆ ಬೇರೆ ಹೆಸರು ಹೇಳದೆ ಇದ್ದರೆ ಅದರ ಮಾತೇ ಅಂದುಕೊಳ್ಳಿ.

ಬಿಸಿಲು ಬಂದಾಗ ಕೆಲಸ, ಹೋದಾಗ ವಿಶ್ರಾಂತಿ. ಇಷ್ಟಕ್ಕೆ ಗಡಿಯಾರ ಯಾಕೆ?

ಕತ್ತಲಾದ ಮೇಲೆ ತಯಾರಿ ಶುರು ಮಾಡಿದರೆ ತಡವಾಯಿತು ಅಂತಲೇ ಅರ್ಥ. ರಾತ್ರಿ ಬದುಕಬೇಕೆಂದರೆ ಹಗಲಲ್ಲೇ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು, ಕೂಡಿಡಬೇಕು, ಅದನ್ನು ಕರಗಿಸಿ ಬಳಸುವ ಎಂಜೈಮುಗಳು ಸಂಜೆ ಹೊತ್ತಿಗೆ ಸಿದ್ಧವಿರಬೇಕು, ಆ ಎಂಜೈಮು ತಯಾರಾಗುವುದಕ್ಕೂ ಶಕ್ತಿ ಬೇಕು, ಶಕ್ತಿ ಕೈತುಂಬ ಇರುವುದು ಬಿಸಿಲಿದ್ದಾಗ ಮಾತ್ರ. ಹಾಗಾಗಿ ಮುಂದಾಲೋಚನೆ ಇಲ್ಲದೆ ನಡೆಯುವುದಿಲ್ಲ. ಗಡಿಯಾರದ ಮಾತನ್ನು ಜೀನ್‌ಗಳಿಗೆ ತಲುಪಿಸುವ ಆರ್‌ಪಿಎಎ ಎಂಬ ಪ್ರೋಟೀನ್ ತೆಗೆದುಹಾಕಿದ ಬ್ಯಾಕ್ಟೀರಿಯಾ ಸದಾ ಬೆಳಕಿದ್ದರೆ ಬೆಳೆಯುತ್ತದೆ, ಹಗಲು-ರಾತ್ರಿ ಬಂದರೆ ಒದ್ದಾಡುತ್ತದೆ.

ಸಾರಜನಕ ಹಿಡಿಯುವ ಜಾತಿಗಳಿಗೆ ಇನ್ನೊಂದು ತಲೆನೋವು. ಆ ಕೆಲಸ ಮಾಡುವ ನೈಟ್ರೋಜಿನೇಸ್ ಎಂಜೈಮಿಗೆ ಆಮ್ಲಜನಕ ಆಗಿಬರುವುದಿಲ್ಲ, ತಗುಲಿದರೆ ಹಾಳು. ಆದರೆ ಹಗಲಿಡೀ ಆಮ್ಲಜನಕ ಬಿಡುವುದೇ ಇವುಗಳ ಕಸುಬು! ಅನಾಬೀನಾ, ನಾಸ್ಟಾಕ್ ಥರದವು ಇದಕ್ಕೆಂದೇ ದಪ್ಪ ಗೋಡೆಯ ಬೇರೆ ಕೋಶ ಇಟ್ಟುಕೊಂಡಿವೆ. ಒಂದೇ ಕೋಶದ ಬಡಪಾಯಿಗಳಿಗೆ ಜಾಗ ಬೇರೆ ಮಾಡಲು ಆಗುವುದಿಲ್ಲ, ಹೊತ್ತು ಬೇರೆ ಮಾಡಿಕೊಂಡಿವೆ. ಹಗಲು ದ್ಯುತಿಸಂಶ್ಲೇಷಣೆ, ರಾತ್ರಿ ಸಾರಜನಕ.

ಗಡಿಯಾರ ಅಂತ ಹೇಗೆ ಹೇಳ್ತೀರಿ? ಬೆಳಕಿಗೆ ಸುಮ್ನೆ ಸ್ಪಂದಿಸುತ್ತಿರಬಹುದಲ್ವಾ?

ಸರಿಯಾದ ಅನುಮಾನ. 1980ರ ದಶಕದವರೆಗೂ ವಿಜ್ಞಾನಿಗಳೇ ಬ್ಯಾಕ್ಟೀರಿಯಾಗೆ ಗಡಿಯಾರ ಸಾಧ್ಯವಿಲ್ಲ ಅನ್ನುತ್ತಿದ್ದರು. ಕೆಲವೇ ಗಂಟೆಯಲ್ಲಿ ಎರಡಾಗಿ ಒಡೆಯುವ ಜೀವಿ 24 ಗಂಟೆಯ ಲೆಕ್ಕ ಇಟ್ಟು ಏನು ಮಾಡುತ್ತದೆ ಅಂತ ಅವರ ವಾದ.

ಪರೀಕ್ಷೆ ಸರಳ. ದೀಪ ಆರಿಸಲೇಬೇಡಿ, ಬಿಸಿಯೂ ಒಂದೇ ಸಮ ಇರಲಿ. ಬರೀ ಬೆಳಕಿಗೆ ಸ್ಪಂದಿಸುವುದಾದರೆ ಏರಿಳಿತ ನಿಂತುಹೋಗಬೇಕು. ನಿಲ್ಲಲಿಲ್ಲ. 1986ರಲ್ಲಿ ತೈವಾನಿನ ಗುಂಪೊಂದು ಸಾರಜನಕ ಹಿಡಿಯುವ ಕೆಲಸದಲ್ಲಿ ಈ ದಿನದ ಲಯ ತೋರಿಸಿತು. 1993ರಲ್ಲಿ ತಕಾವೋ ಕೊಂಡೊ, ಸುಸಾನ್ ಗೋಲ್ಡನ್, ಕಾರ್ಲ್ ಜಾನ್ಸನ್ ಮತ್ತು ಜೊತೆಯವರು ಇನ್ನೂ ಚೆಂದದ ದಾರಿ ಹಿಡಿದರು. ಮಿನುಗುವ ಬ್ಯಾಕ್ಟೀರಿಯಾದ ಲ್ಯೂಸಿಫರೇಸ್ ಜೀನನ್ನು ತಂದು ಸೈನೆಕೋಕಾಕಸ್‌ನ ಒಂದು ದ್ಯುತಿಸಂಶ್ಲೇಷಣೆ ಜೀನಿನ ಸ್ವಿಚ್ಚಿಗೆ ಜೋಡಿಸಿದರು. ಆಮೇಲೆ ಬ್ಯಾಕ್ಟೀರಿಯಾಗಳೇ ಮಿನುಗಿ, ಮಂಕಾಗಿ, ಮತ್ತೆ ಮಿನುಗಿ ಹೊತ್ತು ಹೇಳತೊಡಗಿದವು. ದಿನಗಟ್ಟಲೆ ಒಂದೇ ಬೆಳಕಿನಲ್ಲಿಟ್ಟರೂ ಹಾಗೇ, ಸುಮಾರು 25 ಗಂಟೆಗೊಂದು ಸುತ್ತು. ದಿನಕ್ಕೆರಡು ಸಲ ಒಡೆಯುವಷ್ಟು ವೇಗವಾಗಿ ಬೆಳೆಯುತ್ತಿದ್ದಾಗಲೂ ಲಯ ತಪ್ಪಲಿಲ್ಲ. ಅಮ್ಮ ಅರ್ಧ ದಿನ ಎಣಿಸಿದ್ದನ್ನು ಮಕ್ಕಳು ಅಲ್ಲಿಂದಲೇ ಮುಂದುವರಿಸುತ್ತವೆ.

ಆ 25 ಗಂಟೆ ನೆನಪಿರಲಿ. ಭೂಮಿಯ ದಿನ 24. ಅಂದರೆ ದಿನವೂ ಒಂದಿಷ್ಟು ತಿದ್ದಲೇಬೇಕು, ಇಲ್ಲದಿದ್ದರೆ ಎರಡು ವಾರದೊಳಗೆ ಹಗಲು ರಾತ್ರಿ ಅದಲುಬದಲು.

ಗಡಿಯಾರ ಯಾವುದರಿಂದ ಆಗಿದೆ?

ಮೂರು ಪ್ರೋಟೀನ್: ಕೈಎ, ಕೈಬಿ, ಕೈಸಿ. ಇವುಗಳ ಜೀನ್‌ಗಳನ್ನು 1998ರಲ್ಲಿ ಪತ್ತೆ ಮಾಡಿದರು. ಮುಖ್ಯ ಪಾತ್ರ ಕೈಸಿಯದು. ಆರು ಕೈಸಿಗಳು ಸೇರಿ ಒಂದು ಜೋಡಿ ಉಂಗುರ ಆಗುತ್ತದೆ, ಒಂದರ ಮೇಲೊಂದು.

ಹಗಲು ಕೈಎ ಬಂದು ಮೇಲಿನ ಉಂಗುರದ ಬಾಲ ಹಿಡಿದುಕೊಳ್ಳುತ್ತದೆ. ಆಗ ಕೈಸಿ ತನಗೆ ತಾನೇ ಫಾಸ್ಫೇಟ್ ಅಂಟಿಸಿಕೊಳ್ಳುತ್ತಾ ಹೋಗುತ್ತದೆ: ಮೊದಲು ತನ್ನ ಸರಪಳಿಯ 432ನೇ ಅಮೈನೋ ಆಮ್ಲವಾದ ಥ್ರಿಯೊನಿನ್‌ಗೆ, ಆಮೇಲೆ ಪಕ್ಕದ 431ನೆಯದಾದ ಸೆರಿನ್‌ಗೆ. ಸಂಜೆ ಹೊತ್ತಿಗೆ ಎರಡೂ ಭರ್ತಿ. ಭರ್ತಿಯಾದ ಕೈಸಿಯ ಕೆಳಗಿನ ಉಂಗುರಕ್ಕೆ ಕೈಬಿ ಬಂದು ಕೂರುತ್ತದೆ, ಕೂತು ಕೈಎಯನ್ನೂ ಕಟ್ಟಿಹಾಕುತ್ತದೆ. ಪ್ರಚೋದನೆ ಕೊಡುವವನೇ ಸೆರೆ ಸಿಕ್ಕ ಮೇಲೆ ಫಾಸ್ಫೇಟ್ ಉದುರಲು ಶುರು, ಅಂಟಿದ ಕ್ರಮದಲ್ಲೇ, ಥ್ರಿಯೊನಿನ್ ಮೊದಲು, ಸೆರಿನ್ ಆಮೇಲೆ. ಬೆಳಗಿನ ಹೊತ್ತಿಗೆ ಖಾಲಿ. ಕೈಬಿ ಜಾರಿ ಬೀಳುತ್ತದೆ, ಕೈಎ ಬಿಡುಗಡೆ, ಮತ್ತೆ ಮೊದಲಿಂದ.

ಇದೇನು ದೊಡ್ಡ ಸಂಗತಿ ಅನ್ನಿಸಿದರೆ ಮುಂದಿನದ್ದು ಕೇಳಿ. 2005ರಲ್ಲಿ ನಗೋಯಾ ವಿಶ್ವವಿದ್ಯಾಲಯದ ಕೊಂಡೊ ಗುಂಪು ಈ ಮೂರು ಪ್ರೋಟೀನ್ ಮತ್ತು ಎಟಿಪಿಯನ್ನು (ಕೋಶಕ್ಕೆ ಶಕ್ತಿ ಕೊಡುವ ಅಣು) ಟೆಸ್ಟ್‌ಟ್ಯೂಬಿನಲ್ಲಿ ಬೆರೆಸಿಟ್ಟಿತು. ಕೋಶ ಇಲ್ಲ, ಡಿಎನ್‌ಎ ಇಲ್ಲ, ಜೀವ ಅನ್ನುವುದೇ ಇಲ್ಲ. ಆದರೂ ಕೈಸಿಯ ಫಾಸ್ಫೇಟ್ ಸುಮಾರು 24 ಗಂಟೆಗೊಮ್ಮೆ ಏರಿ ಇಳಿಯಿತು, ದಿನದ ಮೇಲೆ ದಿನ. ಜೀನ್ ಆನ್-ಆಫ್ ಆಗದೆ ಗಡಿಯಾರ ನಡೆಯುವುದಿಲ್ಲ ಅಂತಿದ್ದ ನಂಬಿಕೆ ಅಲ್ಲಿಗೆ ಅಲ್ಲಾಡಿಹೋಯಿತು. ಇಡೀ ಕ್ಷೇತ್ರದಲ್ಲಿ ನನಗೆ ಇದಕ್ಕಿಂತ ರೋಚಕವಾದ ಪ್ರಯೋಗ ಇನ್ನೊಂದು ಸಿಕ್ಕಿಲ್ಲ.

ರಾಸಾಯನಿಕ ಕ್ರಿಯೆಗೆ ಒಂದು ದಿನ ಹಿಡಿಯುವುದು ಹೇಗೆ?

ಕೈಸಿ ಅಷ್ಟು ಸೋಮಾರಿ. ಎಟಿಪಿ ಒಡೆಯುವ ಎಂಜೈಮುಗಳು ಸಾಮಾನ್ಯವಾಗಿ ಸೆಕೆಂಡಿನ ಲೆಕ್ಕದಲ್ಲಿ ಕೆಲಸ ಮಾಡುತ್ತವೆ. ಒಂದು ಕೈಸಿ ದಿನವಿಡೀ ಒಡೆಯುವುದು ಸುಮಾರು 15 ಎಟಿಪಿ. ನಿಧಾನ ಅನ್ನುವುದು ಅದರ ರಚನೆಯಲ್ಲೇ ಇದೆ. ಕೈಬಿ ಇನ್ನೂ ವಿಚಿತ್ರ: ಕೈಸಿಗೆ ಅಂಟುವ ಮುಂಚೆ ಅದು ತನ್ನ ಮಡಿಕೆಯನ್ನೇ ಬಿಚ್ಚಿ ಬೇರೆ ಥರ ಮಡಚಿಕೊಳ್ಳಬೇಕು. ಅದಕ್ಕೂ ಹೊತ್ತು ಹಿಡಿಯುತ್ತದೆ.

ಕಣ್ಣಿಲ್ಲದ ಜೀವಿ ಬೆಳಗಾಯ್ತು ಅಂತ ಹೇಗೆ ತಿಳಿಯುತ್ತದೆ?

ನಮ್ಮಲ್ಲಿ ಕಣ್ಣು ಬೆಳಕು ನೋಡಿ ಮೆದುಳಿಗೆ ಹೇಳುತ್ತದೆ. ಇಲ್ಲೂ ಅಂಥದ್ದೇ ಒಂದು ಬೆಳಕಿನ ಪ್ರೋಟೀನ್ ಇರಬೇಕು ಅಂತ ಬಹಳ ಹುಡುಕಿದರು. 2000ದಲ್ಲಿ ಸಿಕ್‌ಎ ಎಂಬ ಪ್ರೋಟೀನ್ ಸಿಕ್ಕಿತು. ಅದಿಲ್ಲದ ಬ್ಯಾಕ್ಟೀರಿಯಾಗೆ ಕತ್ತಲು ತೋರಿಸಿದರೂ ಗಡಿಯಾರ ಸರಿಯಾಗಿ ತಿದ್ದಿಕೊಳ್ಳುವುದಿಲ್ಲ. ನೋಡಲು ಗಿಡಗಳ ಬೆಳಕುಗ್ರಾಹಿ ಫೈಟೋಕ್ರೋಮ್ ಥರ ಇತ್ತು. ಸಿಕ್ಕೇಬಿಟ್ಟಿತು ಅಂದುಕೊಂಡರೆ, ಬೆಳಕು ಹೀರುವ ವರ್ಣಕ ಅಂಟಬೇಕಾದ ಕೊಂಡಿಯೇ ಅದರಲ್ಲಿಲ್ಲ!

ನಿಜ ಏನೆಂದರೆ ಈ ಗಡಿಯಾರ ಬೆಳಕನ್ನು ನೋಡುವುದೇ ಇಲ್ಲ. ಬೆಳಕಿನಿಂದ ಹೊಟ್ಟೆಗೆ ಏನು ಬಂತು ಅಂತ ನೋಡುತ್ತದೆ. ಕಿಟಕಿ ಇಲ್ಲದ ಕೋಣೆಯಲ್ಲಿ ಕೂತವನು ಇನ್ವರ್ಟರ್ ಬ್ಯಾಟರಿ ಇಳಿಯುವುದು ನೋಡಿ ಬೀದಿಯಲ್ಲಿ ಕರೆಂಟ್ ಹೋಗಿದೆ ಅಂತ ತಿಳಿದುಕೊಂಡ ಹಾಗೆ. ಸದ್ಯಕ್ಕೆ ಚೆನ್ನಾಗಿ ಗೊತ್ತಿರುವ ದಾರಿ ಎರಡು.

ಒಂದು, ಎಟಿಪಿ ಮತ್ತು ಎಡಿಪಿಯ ಪ್ರಮಾಣ. ಬಿಸಿಲಿದ್ದಾಗ ಎಟಿಪಿ ಜಾಸ್ತಿ, ಬಳಸಿಬಿಟ್ಟ ಎಡಿಪಿ ಕಡಿಮೆ. ಕತ್ತಲಾದರೆ ದ್ಯುತಿಸಂಶ್ಲೇಷಣೆ ನಿಂತು ಎಟಿಪಿ ಇಳಿಯುತ್ತದೆ, ಎಡಿಪಿ ಏರುತ್ತದೆ. ಕೈಸಿ ಫಾಸ್ಫೇಟ್ ತೆಗೆದುಕೊಳ್ಳುವುದು ಎಟಿಪಿಯಿಂದಲೇ ಆದ್ದರಿಂದ ಎಡಿಪಿ ಜಾಸ್ತಿಯಾದ ಕೂಡಲೇ ಅದರ ಅಂಟಿಸುವ ಕೆಲಸ ಕುಂಟುತ್ತದೆ. ನಡುವೆ ಸುದ್ದಿ ಮುಟ್ಟಿಸುವವರು ಯಾರೂ ಬೇಕಿಲ್ಲ, ಗಡಿಯಾರದ ಮುಳ್ಳಿಗೇ ನೇರ ತಟ್ಟುತ್ತದೆ. 2011ರಲ್ಲಿ ಮೈಕಲ್ ರಸ್ಟ್, ಸುಸಾನ್ ಗೋಲ್ಡನ್, ಎರಿನ್ ಓಶಿಯಾ ಇದನ್ನು ಟೆಸ್ಟ್‌ಟ್ಯೂಬಿನಲ್ಲೇ ತೋರಿಸಿದರು. ಟ್ಯೂಬಿಗೆ ಎಡಿಪಿ ಸುರಿದರು, ಅದು ರಾತ್ರಿ. ಕೆಲವು ಗಂಟೆ ಬಿಟ್ಟು ಎಡಿಪಿಯನ್ನು ವಾಪಸ್ ಎಟಿಪಿ ಮಾಡುವ ಎಂಜೈಮು ಹಾಕಿದರು, ಅದು ಬೆಳಗು. ಬೆಳಕಿನ ಒಂದು ಕಿರಣವೂ ಬೇಕಾಗದೆ ಗಡಿಯಾರ ಹಿಂದೆ ಮುಂದೆ ಸರಿಯಿತು.

ಇನ್ನೊಂದು, ಕ್ವಿನೋನ್. ದ್ಯುತಿಸಂಶ್ಲೇಷಣೆಯಲ್ಲಿ ಎಲೆಕ್ಟ್ರಾನ್ ಹೊತ್ತೊಯ್ಯುವ ಸಣ್ಣ ಅಣು ಇದು. ದೀಪ ಆರಿದ ಕೂಡಲೇ ಎಲೆಕ್ಟ್ರಾನ್ ಪೂರೈಕೆ ನಿಂತು ಕ್ವಿನೋನ್‌ಗಳು ಸ್ವಲ್ಪ ಹೊತ್ತು ಖಾಲಿ ಕೈಯಲ್ಲಿ ಉಳಿಯುತ್ತವೆ, ಅಂದರೆ ಆಕ್ಸಿಡೈಸ್ ಆಗುತ್ತವೆ. ಅಂಥ ಕ್ವಿನೋನ್ ಕೈಎಗೆ ತಗುಲಿದರೆ ಕೈಎ ಮುದ್ದೆಯಾಗಿ ಕೆಲಸ ಬಿಡುತ್ತದೆ, ಕೈಸಿಯ ಫಾಸ್ಫೇಟ್ ಉದುರತೊಡಗುತ್ತದೆ. ಸಿಕ್‌ಎ ಕೂಡ ಕ್ವಿನೋನ್ ಹಿಡಿಯುತ್ತದೆ. ಕ್ವಿನೋನ್ ಹೇಳುವುದು "ಈಗಷ್ಟೇ ಕತ್ತಲಾಯಿತು" ಅಂತ. ಎಟಿಪಿ ಲೆಕ್ಕ ಹೇಳುವುದು "ಕತ್ತಲು ಇನ್ನೂ ಇದೆ" ಅಂತ. ಎರಡೂ ಸೇರಿದರೆ ರಾತ್ರಿಯ ಶುರುವೂ ಗೊತ್ತು, ಉದ್ದವೂ ಗೊತ್ತು.

ಹಾಗಾದರೆ ಕತ್ತಲಲ್ಲಿ ಸಕ್ಕರೆ ತಿನ್ನಿಸಿದರೆ ಹಗಲು ಅಂದುಕೊಳ್ಳುತ್ತಾ?

ಹೌದು! ಸೈನೆಕೋಕಾಕಸ್‌ಗೆ ಹೊರಗಿನ ಗ್ಲೂಕೋಸ್ ಒಳಗೆ ತೆಗೆದುಕೊಳ್ಳಲು ಬರುವುದಿಲ್ಲ. ರಸ್ಟ್ ಅವರ ಗುಂಪು ಗ್ಲೂಕೋಸ್ ಸಾಗಿಸುವ ಪ್ರೋಟೀನಿನ ಜೀನ್ ಸೇರಿಸಿತು. ಆಮೇಲೆ ಕತ್ತಲಲ್ಲೇ ಇಟ್ಟು ಒಂದಷ್ಟು ಹೊತ್ತು ಗ್ಲೂಕೋಸ್ ಕೊಡುವುದು, ಒಂದಷ್ಟು ಹೊತ್ತು ನಿಲ್ಲಿಸುವುದು. ಗಡಿಯಾರ ಊಟದ ಹೊತ್ತಿಗೆ ಹೊಂದಿಕೊಂಡಿತು. 2015ರಲ್ಲಿ ಪ್ರಕಟವಾದ ಕೆಲಸ ಇದು. ಕಣ್ಣಲ್ಲ ಹೊಟ್ಟೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ನಡುಮಧ್ಯಾಹ್ನ ಮಳೆಮೋಡ ಕವಿದರೆ ಗಡಿಯಾರ ಕೆಡುವುದಿಲ್ವಾ?

ಮೋಡದಡಿ ದ್ಯುತಿಸಂಶ್ಲೇಷಣೆ ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ. ಲ್ಯಾಬಿನಲ್ಲಿ ಗಡಿಯಾರ ಚೆನ್ನಾಗಿ ಸರಿಸಬೇಕೆಂದರೆ ಸಾಮಾನ್ಯವಾಗಿ ಐದು ಗಂಟೆ ಕಗ್ಗತ್ತಲು ಕೊಡುತ್ತಾರೆ. ಅದೂ ಯಾವ ಹೊತ್ತಿನಲ್ಲಿ ಕೊಟ್ಟರು ಅನ್ನುವುದರ ಮೇಲೆ ಹೋಗುತ್ತದೆ. ಬ್ಯಾಕ್ಟೀರಿಯಾದ ಲೆಕ್ಕದಲ್ಲಿ ಹಗಲಿದ್ದಾಗ ಕೊಟ್ಟರೆ ದೊಡ್ಡ ಬದಲಾವಣೆ. ಅದರ ಲೆಕ್ಕದಲ್ಲಿ ಆಗಲೇ ರಾತ್ರಿಯಾಗಿದ್ದರೆ ಹೆಚ್ಚೇನೂ ಆಗುವುದಿಲ್ಲ, ಫಾಸ್ಫೇಟ್ ಹೇಗೂ ಉದುರುತ್ತಿರುತ್ತದೆ.

ಜೊತೆಗೆ ಉಳಿತಾಯದ ಹಣವಿದ್ದ ಹಾಗೆ ಗ್ಲೈಕೋಜನ್ ಇದೆ ಅನ್ನುವುದನ್ನು ಮರೆಯಬೇಡಿ. ಅದು ಇರುವಷ್ಟು ಹೊತ್ತು ಎಟಿಪಿ ತೀರ ಕುಸಿಯುವುದಿಲ್ಲ. ಗ್ಲೈಕೋಜನ್ ಮಾಡಲು ಬಾರದ ಮ್ಯುಟೆಂಟ್‌ಗಳ (ಜೀನ್ ಬದಲಾದ ತಳಿಗಳ) ಗಡಿಯಾರ ಕತ್ತಲಿಗೆ ಜಾಸ್ತಿ ಅಲ್ಲಾಡುತ್ತದೆ.

ಬೇಸಿಗೆಯಲ್ಲಿ ಹಗಲು ಉದ್ದ, ಡಿಸೆಂಬರಿನಲ್ಲಿ ಗಿಡ್ಡ. ಯಾವುದಕ್ಕೆ ಹೊಂದಿಸಿಕೊಳ್ಳುತ್ತದೆ, ಸೂರ್ಯೋದಯಕ್ಕಾ ಸೂರ್ಯಾಸ್ತಕ್ಕಾ?

ಎರಡಕ್ಕೂ ಅಲ್ಲ, ನಡುಹಗಲಿಗೆ. 2017ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಗುಂಪು ಹಗಲಿನ ಉದ್ದ ಬದಲಿಸುತ್ತಾ ಹೋಗಿ ನೋಡಿತು. ಹಗಲು ಎಷ್ಟೇ ಉದ್ದವಿದ್ದರೂ ಗಡಿಯಾರದ ಲಯ ಹಗಲಿನ ಮಧ್ಯಬಿಂದುವಿಗೆ ಅಂಟಿಕೊಂಡೇ ಇತ್ತು. ಟೆಸ್ಟ್‌ಟ್ಯೂಬಿನ ಗಡಿಯಾರವೂ ಹಾಗೇ ಮಾಡಿತು. ಬೆಳಗಿನ ಬೆಳಕು ಒಂದು ಕಡೆ ತಳ್ಳುತ್ತದೆ, ಸಂಜೆಯ ಕತ್ತಲು ಇನ್ನೊಂದು ಕಡೆ, ಎರಡರ ಜಗ್ಗಾಟ ನಡುವಿಗೆ ಬಂದು ನಿಲ್ಲುತ್ತದೆ.

ನಮ್ಮ ಕಡೆಗೆ ಇದನ್ನು ಹಾಕಿ ನೋಡಿ. ದಾವಣಗೆರೆಯಲ್ಲಿ ಜೂನ್ ಹಗಲು ಹತ್ತಿರ ಹತ್ತಿರ 13 ಗಂಟೆ, ಡಿಸೆಂಬರ್ ಹಗಲು ಹನ್ನೊಂದೂಕಾಲು. ವ್ಯತ್ಯಾಸ ಅಷ್ಟೇನೂ ಇಲ್ಲ. ಆದರೆ ನಡುಹಗಲು ಅಂದರೆ ನಮ್ಮ ಕೈಗಡಿಯಾರದ 12 ಅಲ್ಲ. ಭಾರತೀಯ ಸಮಯ 82.5 ಡಿಗ್ರಿ ಪೂರ್ವ ರೇಖಾಂಶದ್ದು, ದಾವಣಗೆರೆ ಇರುವುದು ಸುಮಾರು 76ರಲ್ಲಿ. ಹಾಗಾಗಿ ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಸರಾಸರಿ 12 ಗಂಟೆ 26 ನಿಮಿಷಕ್ಕೆ. ನವೆಂಬರ್ ಶುರುವಿನಲ್ಲಿ 12:10ರ ಸುಮಾರು, ಫೆಬ್ರವರಿಯಲ್ಲಿ 12:40ರ ಸುಮಾರು. ಸೂಳೆಕೆರೆಯಲ್ಲಿ ಸಯನೋಬ್ಯಾಕ್ಟೀರಿಯಾ ಇದ್ದರೆ ಅವು ಹೊಂದಿಸಿಕೊಳ್ಳುವುದು ಈ ಹೊತ್ತಿಗೆ, ನಮ್ಮ ಮೊಬೈಲಿನ ಹೊತ್ತಿಗಲ್ಲ.

ಏಪ್ರಿಲ್ ಬಿಸಿಲಿಗೆ ನೀರು ಕಾದರೆ ಗಡಿಯಾರ ಓಡುವುದಿಲ್ವಾ?

ಸಾಮಾನ್ಯ ರಾಸಾಯನಿಕ ಕ್ರಿಯೆ 10 ಡಿಗ್ರಿ ಏರಿದರೆ ಎರಡು-ಮೂರು ಪಟ್ಟು ವೇಗ ಪಡೆಯುತ್ತದೆ. ಈ ಗಡಿಯಾರದ ವೇಗ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ, ಶೇಕಡಾ 10ರ ಆಸುಪಾಸಿನ ವ್ಯತ್ಯಾಸ ಅಷ್ಟೇ. ಟ್ಯೂಬಿನ ಗಡಿಯಾರಕ್ಕೂ ಈ ಗುಣ ಇದೆ. ಆದರೆ ತಾಪಮಾನಕ್ಕೆ ಪೂರ್ತಿ ಕುರುಡು ಅಂತಲ್ಲ. ಬಿಸಿ-ತಂಪು, ಬಿಸಿ-ತಂಪು ಅಂತ ದಿನದ ಸುತ್ತು ಕೊಟ್ಟರೆ ಟ್ಯೂಬಿನ ಗಡಿಯಾರವೂ ಅದಕ್ಕೆ ಹೊಂದಿಕೊಳ್ಳುತ್ತದೆ ಅಂತ 2009ರಲ್ಲಿ ಕೊಂಡೊ ಗುಂಪು ತೋರಿಸಿತು. ವೇಗ ಬದಲಾಗುವುದಿಲ್ಲ, ಮುಳ್ಳಿನ ಜಾಗ ಮಾತ್ರ ಸರಿಯುತ್ತದೆ.

ಅಕ್ಕಪಕ್ಕದ ಕೋಶಗಳು ಒಂದಕ್ಕೊಂದು ಹೊತ್ತು ಹೇಳಿಕೊಳ್ಳುತ್ತವಾ?

ಇಲ್ಲ. 2004ರಲ್ಲಿ ಒಂದೊಂದೇ ಕೋಶವನ್ನು ಮೈಕ್ರೋಸ್ಕೋಪಿನಡಿ ದಿನಗಟ್ಟಲೆ ಕಾದು ನೋಡಿದರು. ಬೇರೆ ಬೇರೆ ಹೊತ್ತು ತೋರಿಸುವ ಕೋಶಗಳನ್ನು ಪಕ್ಕಪಕ್ಕ ಇಟ್ಟರೂ ಯಾರ ಲೆಕ್ಕ ಅವರದ್ದೇ. ಆದರೆ ಲೆಕ್ಕ ಎಷ್ಟು ಪಕ್ಕಾ ಅಂದರೆ ಒಂದೇ ಬೆಳಕಿನಲ್ಲಿಟ್ಟರೂ ತಿಂಗಳುಗಟ್ಟಲೆ ಚದುರುವುದಿಲ್ಲ. ಒಂದೇ ಕೋಶದೊಳಗಿನ ಸಾವಿರಾರು ಕೈಸಿ ಉಂಗುರಗಳ ಕಥೆ ಬೇರೆ. ಅವು ತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಂಡು ಒಂದೇ ಹೊತ್ತಿಗೆ ಬರುತ್ತವೆ.

ಗಡಿಯಾರ ಹೊರಗಿನ ದಿನಕ್ಕೆ ಹೊಂದದಿದ್ದರೆ ನಷ್ಟ ಏನು?

ಸೋಲು. 1998ರಲ್ಲಿ ಸುಮಾರು 23 ಗಂಟೆಯ ಗಡಿಯಾರದ ಮ್ಯುಟೆಂಟ್, ಸುಮಾರು 30 ಗಂಟೆಯದ್ದು, ಮಾಮೂಲಿ 25 ಗಂಟೆಯದ್ದು, ಇವುಗಳನ್ನು ಎರಡೆರಡಾಗಿ ಬೆರೆಸಿ ಬೆಳೆಸಿದರು. ಬೇರೆ ಬೇರೆ ಬೆಳೆಸಿದಾಗ ಎಲ್ಲವೂ ಒಂದೇ ವೇಗ. ಒಟ್ಟಿಗೆ ಹಾಕಿದರೆ 11 ಗಂಟೆ ಹಗಲು, 11 ಗಂಟೆ ರಾತ್ರಿ ಇದ್ದಾಗ ಗಿಡ್ಡ ಗಡಿಯಾರ ಗೆದ್ದಿತು. 15-15 ಮಾಡಿದಾಗ ಉದ್ದದ್ದು. ಹೊರಗಿನ ದಿನಕ್ಕೆ ಹತ್ತಿರ ಇದ್ದವರದ್ದೇ ಗೆಲುವು. ಆಮೇಲಿನ ಪ್ರಯೋಗದಲ್ಲಿ ಗಡಿಯಾರವೇ ಕೆಟ್ಟ ಮ್ಯುಟೆಂಟ್ ಹಗಲು-ರಾತ್ರಿ ಇರುವಲ್ಲಿ ಸೋತಿತು, ಸದಾ ಬೆಳಕಿರುವಲ್ಲಿ ಸೋಲಲಿಲ್ಲ. ಕತ್ತಲೇ ಇಲ್ಲದ ಲೋಕದಲ್ಲಿ ಗಡಿಯಾರ ಸುಮ್ನೆ ಖರ್ಚು.

ಋತುವೂ ಗೊತ್ತಾಗುತ್ತಾ?

2024ರಲ್ಲಿ ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದವರು ಪ್ರಕಟಿಸಿದ್ದು: ಕೆಲವು ದಿನ ಎಂಟೇ ಗಂಟೆ ಹಗಲು ಕೊಟ್ಟ ಬ್ಯಾಕ್ಟೀರಿಯಾಗಳನ್ನು ಮಂಜುಗಡ್ಡೆ ಮೇಲಿಟ್ಟರೆ, ಉದ್ದ ಹಗಲಿನವಕ್ಕಿಂತ ಜಾಸ್ತಿ ಬದುಕುತ್ತವೆ. ಹಗಲು ಗಿಡ್ಡವಾಯಿತು, ಚಳಿ ಬರುತ್ತದೆ ಅಂತ ಮುಂಚೆಯೇ ತಯಾರಿ. ಕೈಎ, ಕೈಬಿ, ಕೈಸಿ ಜೀನ್‌ಗಳನ್ನು ತೆಗೆದರೆ ಈ ಲಾಭ ಇಲ್ಲ. ಹಿಮ ಬೀಳುವ ಕಡೆ ಇದು ಎಷ್ಟು ಮುಖ್ಯ ಅಂತ ಊಹಿಸಬಹುದು. ದುರ್ಗದ ಚಳಿಗೆ ಇಷ್ಟೆಲ್ಲ ಬೇಕಿಲ್ಲ.

ಬೆಳಕು ತಿನ್ನುವ ಎಲ್ಲ ಬ್ಯಾಕ್ಟೀರಿಯಾಗೂ ಇಂಥದ್ದೇ ಗಡಿಯಾರ ಇದೆಯಾ?

ಇಲ್ಲ. ಸಾಗರದಲ್ಲಿ ಲೆಕ್ಕವಿಲ್ಲದಷ್ಟಿರುವ ಪ್ರೊಕ್ಲೋರೋಕಾಕಸ್ ಕೈಎಯನ್ನೇ ಕಳೆದುಕೊಂಡಿದೆ. ಅದರದ್ದು ಮರಳುಗಡಿಯಾರ, ದಿನಾ ಬೆಳಗ್ಗೆ ಬಿಸಿಲೇ ತಿರುಗಿಸಿ ಇಡಬೇಕು. ಸದಾ ಬೆಳಕಿನಲ್ಲಿಟ್ಟರೆ ನಿಂತುಹೋಗುತ್ತದೆ. ನೇರಳೆ ಬ್ಯಾಕ್ಟೀರಿಯಾಗಳಲ್ಲಿ ರೋಡೋಸ್ಯೂಡೊಮೊನಾಸ್ ಪಾಲಸ್ಟ್ರಿಸ್ ಎಂಬುದರದ್ದೂ ಇದೇ ಥರ. ಅದರಲ್ಲೂ ಕೈಸಿ ಇದೆ, ಕೈಎ ಇಲ್ಲ.

ಬಾಟಲಿಯಲ್ಲಿ ಹೊಂಡದ ನೀರು ತುಂಬಿ ಮನೆಯಲ್ಲೇ ಈ ಲಯ ನೋಡಬಹುದಾ?

ಗಡಿಯಾರ ಕಾಣುವುದಿಲ್ಲ, ಅದಕ್ಕೆ ಲ್ಯೂಸಿಫರೇಸ್ ಥರದ ಗುರುತು ಸೇರಿಸಿರಬೇಕು, ಮಿನುಗು ಅಳೆಯುವ ಯಂತ್ರ ಬೇಕು. ಕಾಲೇಜಿನ ಮಾಮೂಲಿ ಮೈಕ್ರೋಸ್ಕೋಪಿನಲ್ಲಿ 400 ಪಟ್ಟು ಹಿಗ್ಗಿಸಿ ನೋಡಿದರೆ ಸಯನೋಬ್ಯಾಕ್ಟೀರಿಯಾದ ಸರಪಳಿ, ಗುಂಪುಗಳು ಕಾಣುತ್ತವೆ. ನೀಲಿ ಬೆರೆತ ಹಸಿರು, ಒಳಗೆ ನ್ಯೂಕ್ಲಿಯಸ್ ಇಲ್ಲ. ಹಸಿರು ಬಣ್ಣ ಬಳಿದ ಹಾಗೆ ಕೆನೆಗಟ್ಟಿದ ನೀರಾದರೆ ಬರಿಗೈ ಹಾಕಬೇಡಿ, ದನಕರುಗಳಿಗೂ ಕುಡಿಸಬೇಡಿ. ಮೈಕ್ರೋಸಿಸ್ಟಿಸ್ ಥರದ ಕೆಲವು ಜಾತಿಗಳು ಲಿವರ್ ಕೆಡಿಸುವ ವಿಷ ಮಾಡುತ್ತವೆ, ಕುದಿಸಿದರೂ ಅದು ಹೋಗುವುದಿಲ್ಲ.